ಕೆಂಚವ್ವನ ಹೊಂಗೆ, ನಾಜೂಕಯ್ಯನ ಹುಲ್ಲು

ಮೂರು ಗುಡ್ಡಗಳ ನಡುವೆ ಹರಡಿಕೊಂಡಿದ್ದ ಒಂದು ಕಾಡಿನಲ್ಲಿ ಕೆಂಚವ್ವ ಎಂಬ ಹೆಣ್ಣು ಹಂದಿ ಇದ್ದಳು. ಅವಳಿಗೆ ಯಾವಾಗ ನೋಡಿದರೂ ಸುಸ್ತು. ಸುಸ್ತಾಗದೆ ಇನ್ನೇನು? ಆ ಕಾಡಿನಲ್ಲಿ ನೆಲ ಅಗೆಯುವ ಕೆಲಸ ಏನೇ ಬಂದರೂ ಎಲ್ಲರ ಬಾಯಿಗೆ ಬರುತ್ತಿದ್ದುದು ಅವಳ ಹೆಸರೇ. ಹಳ್ಳದಲ್ಲಿ ಹೂಳು ತುಂಬಿತೇ? ಕೆಂಚವ್ವನನ್ನು ಕರೆಯಿರಿ. ಮುಳ್ಳುಹಂದಿಯ ಬಿಲ ಕುಸಿಯಿತೇ? ಕೆಂಚವ್ವ ಇದ್ದಾಳಲ್ಲ! ದೇವರು ಅವಳಿಗೆ ಗಟ್ಟಿ ಮೂತಿ ಕೊಟ್ಟಿದ್ದ. 'ಆಗುವುದಿಲ್ಲ' ಎನ್ನುವ ನಾಲಿಗೆಯನ್ನು ಮಾತ್ರ ಕೊಟ್ಟಿರಲಿಲ್ಲ.

ಆ ಕಾಡಿನ ನಡುವೆ ಒಂದು ಸಣ್ಣ ಕೆರೆಯಿತ್ತು. ಕೆರೆಯ ದಂಡೆಯ ಮೇಲೆ ಹಳೆಯದೊಂದು ಬಸರಿ ಮರವಿತ್ತು. ಬೇಸಿಗೆಯ ಮಧ್ಯಾಹ್ನ ಪ್ರಾಣಿಗಳೆಲ್ಲ ಅದರ ಕೆಳಗೆ ಸೇರುತ್ತಿದ್ದವು. ಕಾಟಿ, ಕಡವೆ, ಮೊಲ, ನವಿಲು, ಹಂದಿ ಎಲ್ಲವೂ ಒಂದೇ ನೆರಳಿನಲ್ಲಿ ಮೈ ಚೆಲ್ಲಿ ಮಲಗುತ್ತಿದ್ದವು. ನಾಜೂಕಯ್ಯ ಎಂಬ ನರಿಯೂ ಅಲ್ಲೇ ಒಂದು ಬದಿಗೆ ಮಲಗುತ್ತಿದ್ದ. ಅಷ್ಟು ಜನರ ಕಣ್ಣೆದುರು ಅವನು ಯಾರ ಮರಿಯ ಮೇಲೂ ಬಾಯಿ ಹಾಕುವಂತಿರಲಿಲ್ಲ.

ಒಂದು ವರ್ಷ ಬೀಸಿದ ಬಿರುಗಾಳಿಗೆ ಆ ಬಸರಿ ಬುಡಸಮೇತ ಬಿದ್ದುಹೋಯಿತು. ಮರುವರ್ಷದ ಬೇಸಿಗೆ ಎಲ್ಲರಿಗೂ ಕಷ್ಟವಾಯಿತು. ಹಂದಿಗಳಿಗೆ ಇನ್ನೂ ಕಷ್ಟ. ಹಂದಿಯ ಮೈ ಬೆವರುವುದಿಲ್ಲ ನೋಡಿ, ಅದಕ್ಕೆ ಕೆಸರು ಬೇಕು, ಇಲ್ಲವೇ ನೆರಳು ಬೇಕು. ಆ ಬೇಸಿಗೆಯಲ್ಲಿ ಕೆರೆ ಬತ್ತಿ ಬಟ್ಟಲಿನಷ್ಟಾಯಿತು. ಕೆಂಚವ್ವನ ಎರಡು ಮರಿಗಳು ಬಿಸಿಲು ತಾಳಲಾರದೆ ಸತ್ತವು. ಎರಡನ್ನೂ ಅವಳು ತನ್ನ ಮೂತಿಯಿಂದಲೇ ಮಣ್ಣು ಮಾಡಿದಳು. ಆ ಗುಂಡಿ ತೋಡಲು ಮಾತ್ರ ಅವಳನ್ನು ಯಾರೂ ಕರೆದಿರಲಿಲ್ಲ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಭರಮಜ್ಜ ಸಭೆ ಕರೆದ. ಭರಮಜ್ಜ ಎಂದರೆ ಆ ಕಾಡಿನ ಹಿರಿಯ ಕಾಟಿ, ಅಂದರೆ ಕಾಡುಕೋಣ. ಬೆಟ್ಟದಂಥ ಮೈ, ಒಂದು ಕೊಂಬಿನ ತುದಿ ಮುರಿದಿತ್ತು. ಅವನ ಮಾತನ್ನು ಯಾರೂ ಮೀರುತ್ತಿರಲಿಲ್ಲ. ಆದರೆ ವಯಸ್ಸಾಗಿ ಅವನಿಗೆ ಮಾತಾಡುವುದೇ ಬೇಜಾರಾಗಿತ್ತು.

"ದಂಡೆ ಬೋಳಾಗಿದೆ. ಅಲ್ಲಿ ಏನಾದರೂ ನೆಡಬೇಕು. ಏನು ನೆಡೋಣ, ಬೇಗ ಹೇಳಿ," ಎಂದ ಭರಮಜ್ಜ.

ಕೆಂಚವ್ವ ಮುಂದೆ ಬಂದಳು. ಸಭೆಯಲ್ಲಿ ಮಾತಾಡಿ ಅವಳಿಗೆ ರೂಢಿಯಿರಲಿಲ್ಲ.

"ಅಜ್ಜ, ಹಳ್ಳದ ಬದಿಯಲ್ಲಿ ಒಂದು ಹೊಂಗೆ ಸಸಿ ಎದ್ದಿದೆ. ಅದನ್ನು ತಂದು ನೆಡೋಣ. ಹೊಂಗೆ ನೆರಳು ತಂಪು. ಉಳಿದ ಮರಗಳೆಲ್ಲ ಬೋಳಾಗಿ ನಿಂತಾಗ ಅದು ಹಸಿರಾಗಿರುತ್ತೆ. ಎಲೆ ಕಹಿ, ಯಾರೂ ಮೇಯೋದಿಲ್ಲ."

"ಎಷ್ಟು ವರ್ಷಕ್ಕೆ ನೆರಳು ಕೊಡುತ್ತೆ ತಾಯಿ?" ಎಂದು ಒಂದು ದನಿ ಕೇಳಿತು. ನಾಜೂಕಯ್ಯ ಬಾಲ ಮುದುರಿಕೊಂಡು ವಿನಯವಾಗಿ ಕೂತಿದ್ದ.

"ಐದು ವರ್ಷ. ಆರೂ ಆಗಬಹುದು," ಎಂದಳು ಕೆಂಚವ್ವ.

"ಆರು ವರ್ಷ!" ನಾಜೂಕಯ್ಯ ಸುತ್ತ ಎಲ್ಲರ ಮುಖ ನೋಡಿದ. "ಇಲ್ಲಿ ಆರು ವರ್ಷ ಇರೋರು ಎಷ್ಟು ಜನ? ಮೊಲದ ನಿಂಗಿ ಇರ್ತಾಳೋ? ನಾನು ಇರ್ತೀನೋ? ನೆಡೋರು ನಾವು, ಮಲಗೋರು ಯಾರೋ! ಮರ ಬಂದರೆ ಅದರ ಜೊತೆ ಏನೆಲ್ಲ ಬರುತ್ತೆ ಅನ್ನೋದನ್ನೂ ನೋಡಿ. ದಿನವಿಡೀ ಕಸ. ಮೇಲಿಂದ ಕಾಗೆ, ಗಿಳಿಗಳ ಹಿಕ್ಕೆ. ಮತ್ತೊಂದು ಗಾಳಿ ಬಂದರೆ ಅದೂ ನಮ್ಮ ತಲೆ ಮೇಲೇ ಬೀಳುತ್ತೆ."

ಅಷ್ಟು ಹೇಳಿ ಅವನು ಪೊದೆಯ ಹಿಂದಿನಿಂದ ಒಂದು ಹುಲ್ಲಿನ ಬುಡವನ್ನು ಬಾಯಲ್ಲಿ ಕಚ್ಚಿ ತಂದ. ಉದ್ದ ಗರಿಗಳು. ಹಳೆಯದೊಂದು ಹೂವು ಇನ್ನೂ ತುದಿಯಲ್ಲಿತ್ತು. ಬೆಳ್ಳಗೆ, ಮೆತ್ತಗೆ, ಬೆಳ್ಳಿಯ ಕುಚ್ಚಿನ ಹಾಗೆ ಬಿಸಿಲಿಗೆ ಹೊಳೆಯಿತು.

"ಕಾಡಿನ ಅಂಚಿನಲ್ಲಿ ಮನುಷ್ಯರ ಬಂಗಲೆ ಇದೆಯಲ್ಲ, ಅದರ ತೋಟದಲ್ಲಿ ಇದನ್ನು ಚೆಂದಕ್ಕೆ ಅಂತಲೇ ಬೆಳೆಸಿದ್ದಾರೆ. ದೂರದೂರದಿಂದ ಬಂದವರು ನಿಂತು ನೋಡ್ತಾರೆ. ಈ ಮಳೆಗೆ ನೆಟ್ಟರೆ ಚಳಿಗಾಲಕ್ಕೆ ಆಳೆತ್ತರ. ಕಸ ಇಲ್ಲ, ಹಿಕ್ಕೆ ಇಲ್ಲ, ಬೀಳೋ ಭಯ ಇಲ್ಲ. ನೆರಳು ಬೇಕು ಅನ್ನೋರು ಬುಡದಲ್ಲಿ ಹೋಗಿ ಮಲಗಲಿ. ಯಾರು ಬೇಡ ಅಂತಾರೆ?"

ಸೋಗೆಯಪ್ಪ ಎಂಬ ನವಿಲು ಆ ಬೆಳ್ಳಿಯ ಕುಚ್ಚನ್ನು ಒಮ್ಮೆ, ತನ್ನ ಬಾಲವನ್ನು ಒಮ್ಮೆ ನೋಡಿಕೊಂಡ. "ಇದರ ಮುಂದೆ ನಿಂತು ಕುಣಿದರೆ ನನ್ನ ಗರಿ ಇನ್ನೂ ಚೆಂದ ಕಾಣುತ್ತೆ," ಎಂದ. ಒಂದಿಷ್ಟು ಜನ ಹೌದೆಂದರು.

ಕೆಂಚವ್ವ ಹುಲ್ಲಿನ ಹತ್ತಿರ ಹೋಗಿ ಮೂಸಿದಳು. ಗರಿಯ ಅಂಚು ಅವಳ ಮೂತಿಯನ್ನು ಗೀರಿತು.

"ಇದನ್ನು ತಿನ್ನೋಕೆ ಆಗಲ್ಲ. ಬೇಸಿಗೆಯಲ್ಲಿ ಇದು ಹೇಗಿರುತ್ತೆ?"

"ಚಿನ್ನದ ಬಣ್ಣಕ್ಕೆ ತಿರುಗುತ್ತೆ ತಾಯಿ," ಎಂದ ನಾಜೂಕಯ್ಯ.

"ಅಂದರೆ ಒಣಗುತ್ತೆ."

"ನೋಡೋ ಕಣ್ಣಿಗೆ ಚಿನ್ನ. ಬೇಡ ಅನ್ನೋ ಕಣ್ಣಿಗೆ ಒಣಹುಲ್ಲು," ಎಂದ ನಾಜೂಕಯ್ಯ. ಎಲ್ಲರೂ ನಕ್ಕರು.

ಕೆಂಚವ್ವ ಬಿಸಿಲಿನಲ್ಲಿ ಸತ್ತ ತನ್ನ ಮರಿಗಳ ವಿಷಯ ಹೇಳಬೇಕೆಂದುಕೊಂಡಳು. ಆದರೆ ನಗುವವರ ನಡುವೆ ಅದನ್ನು ಹೇಗೆ ಹೇಳುವುದು? ಹಿಂದೆ ಸರಿದು ನಿಂತಳು.

ಭರಮಜ್ಜ ಕಣ್ಣು ಮುಚ್ಚಿಕೊಂಡೇ ತೀರ್ಪು ಕೊಟ್ಟ. "ಹೆಚ್ಚು ಜನಕ್ಕೆ ಹುಲ್ಲು ಬೇಕಂತೆ. ಹುಲ್ಲೇ ಆಗಲಿ. ಕೆಂಚವ್ವ, ನಿನ್ನ ಸಸಿಯನ್ನು ಅಲ್ಲೇ ಒಂದು ಮೂಲೆಯಲ್ಲಿ ನೆಟ್ಟುಕೋ. ಜಗಳ ಬೇಡ."

"ಸರಿ ಅಜ್ಜ," ಎಂದಳು ಕೆಂಚವ್ವ.

"ಹುಲ್ಲಿಗೆ ಗುಂಡಿ ತೋಡೋರು ಯಾರು?" ಎಂದು ಯಾರೋ ಕೇಳಿದರು.

ಎಲ್ಲರೂ ಕೆಂಚವ್ವನ ಕಡೆ ನೋಡಿದರು.

ಹೀಗೆ, ತನಗೆ ಬೇಡವಾದ ಹುಲ್ಲಿಗೆ ಕೆಂಚವ್ವನೇ ಗುಂಡಿ ತೋಡಿದಳು. ದಂಡೆಯ ಉದ್ದಕ್ಕೂ ಮೂರು ಸಾಲು. ಕಡವೆಗಳು ಬಂಗಲೆಯ ತೋಟದಿಂದ ಬುಡಗಳನ್ನು ಕಚ್ಚಿ ತಂದು ಇಟ್ಟವು. ನಾಜೂಕಯ್ಯ ಮುಂದೆ ಮುಂದೆ ನಡೆದು ಜಾಗ ತೋರಿಸುತ್ತಿದ್ದ. "ಇಲ್ಲಿ ಇನ್ನೂ ಒತ್ತಾಗಿ ತಾಯಿ. ಇಲ್ಲಿ ಒಂಚೂರು ಬಾಗಿಸಿ. ನಡುವೆ ಒಂದು ಕಿರುದಾರಿ ಇರಲಿ, ಗಾಳಿಯಾಡಬೇಕಲ್ಲ." ಮೂರನೆಯ ದಿನ ಸಂಜೆಗೆ ಕೆಲಸ ಮುಗಿಯಿತು. ಅವಳ ಮೂತಿಯ ಚರ್ಮ ಸುಲಿದಿತ್ತು. ಎಲ್ಲರೂ ಹೊರಟುಹೋದ ಮೇಲೆ ಅವಳು ಮೂಲೆಯಲ್ಲಿ ಇನ್ನೊಂದೇ ಒಂದು ಗುಂಡಿ ತೋಡಿದಳು. ಹಳ್ಳದಿಂದ ಹೊಂಗೆ ಸಸಿಯನ್ನು ಮಣ್ಣಿನ ಸಮೇತ ತಂದು ಅದರಲ್ಲಿ ಇಟ್ಟು ಕಾಲಿನಿಂದ ಮಣ್ಣು ಮೆಟ್ಟಿದಳು. ಸಸಿಗೆ ಆರೇ ಎಲೆಗಳಿದ್ದವು. ಯಾರೂ ತುಳಿಯದಿರಲಿ ಎಂದು ಸುತ್ತ ಮುಳ್ಳಿನ ಕೊಂಬೆಗಳನ್ನು ಎಳೆದು ಹಾಕಿದಳು.

ಮಳೆಗಾಲ ಕಳೆಯಿತು. ನಾಜೂಕಯ್ಯ ಹೇಳಿದ ಮಾತು ಸುಳ್ಳಾಗಲಿಲ್ಲ. ಹುಲ್ಲು ದಿನಕ್ಕೊಂದು ಗೇಣು ಎನ್ನುವ ಹಾಗೆ ಎದ್ದಿತು. ಚಳಿಗಾಲಕ್ಕೆ ಅದರ ತಲೆಯ ತುಂಬ ಹೂವು. ಬೆಳಗಿನ ಮಂಜು ಕರಗುವ ಹೊತ್ತಿಗೆ ದಂಡೆಯೆಲ್ಲ ಬೆಳ್ಳಗೆ ತೂಗಾಡುತ್ತಿತ್ತು. ಸೋಗೆಯಪ್ಪ ಅದರ ಮುಂದೆ ಕುಣಿದ. ಆಚೆ ಗುಡ್ಡದ ಕಡವೆಗಳು ನೋಡಲು ಬಂದವು. ಕೆಂಚವ್ವನೂ ಒಂದು ಬೆಳಗ್ಗೆ ನಿಂತು ನೋಡಿದಳು. ಚೆಂದವಾಗಿಯೇ ಇತ್ತು. ಅದನ್ನು ಚೆಂದವಿಲ್ಲ ಎನ್ನುವಷ್ಟು ಸುಳ್ಳು ಅವಳ ನಾಲಿಗೆಗೆ ಬರುತ್ತಿರಲಿಲ್ಲ.

ಅವಳ ಹೊಂಗೆಗೆ ಆಗ ಹದಿನಾರು ಎಲೆ.

"ಏನು ಕೆಂಚವ್ವ, ನಿನ್ನ ಮರದ ನೆರಳಿನಲ್ಲಿ ಇರುವೆಯಾದರೂ ಮಲಗಬಹುದಾ?" ಎಂದು ಸೋಗೆಯಪ್ಪ ಕೇಳಿದ.

"ಒಂದು ಮಲಗಬಹುದು," ಎಂದಳು ಅವಳು.

ಮಳೆ ನಿಂತ ಮೇಲೆ ಗಿಡಕ್ಕೆ ನೀರು ಬೇಕಾಯಿತು. ಹಂದಿ ನೀರು ಹೊರುವುದು ಹೇಗೆ? ಆನೆಯ ಹಾಗೆ ಸೊಂಡಿಲಿಲ್ಲ. ಕೆಂಚವ್ವ ಕೆರೆಗೆ ಇಳಿದು ಕೆಸರುನೀರಿನಲ್ಲಿ ಹೊರಳುತ್ತಿದ್ದಳು. ಮೈಯ ಕೂದಲೆಲ್ಲ ನೀರು ಹಿಡಿದುಕೊಂಡು ಏರಿ ಹತ್ತಿ ಬಂದು ಗಿಡದ ಬುಡದಲ್ಲಿ ನಿಂತು ಮೈ ಕೊಡವುತ್ತಿದ್ದಳು. ಒಮ್ಮೆಗೆ ಬೊಗಸೆ ನೀರು ಬಿದ್ದರೆ ಹೆಚ್ಚು. ಹಾಗೆ ದಿನಕ್ಕೆ ಹತ್ತು ಸಲ. ಚಳಿಯಲ್ಲಿ ಹಲ್ಲು ಕಟಕಟ ಎನ್ನುತ್ತಿತ್ತು. ಎಷ್ಟೋ ದಿನ, ಇದೇನು ಹುಚ್ಚು, ಸಾಕು ಎಂದುಕೊಂಡು ಮಲಗುತ್ತಿದ್ದಳು. ಬೆಳಗಾದರೆ ಮತ್ತೆ ಕೆರೆಗೆ ಇಳಿಯುತ್ತಿದ್ದಳು.

ಚಳಿಗಾಲದ ಕೊನೆಗೆ ಅವಳಿಗೆ ಏಳು ಮರಿಗಳಾದವು. ಮೈಮೇಲೆ ಪಟ್ಟೆ ಪಟ್ಟೆ, ಅಂಗೈಯಗಲದ ಮರಿಗಳು. ಅವುಗಳಿಗೆ ಹಾಲು, ಗಿಡಕ್ಕೆ ನೀರು, ತನ್ನ ಹೊಟ್ಟೆಗೆ ಗೆಡ್ಡೆ. ಕೆಂಚವ್ವ ನಿಂತಲ್ಲೇ ತೂಕಡಿಸತೊಡಗಿದಳು.

ಆ ದಿನಗಳಲ್ಲೇ ಒಂದು ಬೆಳಗ್ಗೆ ಮೊಲದ ನಿಂಗಿ ಅಳುತ್ತಾ ಬಂದಳು.

"ಅಕ್ಕಾ, ನನ್ನ ಒಂದು ಮರಿ ಕಾಣ್ತಿಲ್ಲ. ಹುಲ್ಲಿನ ಹತ್ತಿರ ಆಡ್ತಾ ಇತ್ತು."

ಎಲ್ಲರೂ ಹುಡುಕಿದರು. ಎಲ್ಲರಿಗಿಂತ ಹೆಚ್ಚು ಹುಡುಕಿದವನು ನಾಜೂಕಯ್ಯ. "ಹದ್ದಿನ ಕೆಲಸ," ಎಂದು ಆಕಾಶ ತೋರಿಸಿದ. ನಿಂಗಿಯ ಬಳಿ ಕೂತು ಸಮಾಧಾನ ಹೇಳಿದ. ನಾಲ್ಕು ದಿನ ಕಳೆದು ಇನ್ನೊಂದು ಮರಿ ಹೋಯಿತು. ಆಮೇಲೆ ಕಾಡುಕೋಳಿಯ ಪಿಳ್ಳೆಗಳು ಹೋದವು. ಆಮೇಲೆ ನಿಂಗಿಯ ಮೂರನೆಯ ಮರಿ.

ಕೆಂಚವ್ವ ಗೆಡ್ಡೆ ಹುಡುಕುತ್ತಾ ಒಂದು ದಿನ ಹುಲ್ಲಿನ ನಡುವಿನ ಕಿರುದಾರಿಗೆ ಮೂತಿ ಹಾಕಿದಳು. ಒಳಗೆ ನೆಲ ನುಣ್ಣಗೆ ಸವೆದಿತ್ತು. ಯಾರೋ ದಿನವೂ ಮಲಗಿ ಎದ್ದ ಗುರುತು. ಬುಡದಲ್ಲಿ ಬಿಳಿಯ ತುಪ್ಪಳ, ಕೋಳಿಮರಿಯ ಒಂದು ಕಾಲು. ಜಾಗದ ತುಂಬ ನರಿಯ ಘಾಟು.

ನಾಜೂಕಯ್ಯ ಒತ್ತಾಗಿ ನೆಡಿ ಎಂದದ್ದು ಯಾಕೆ, ದಾರಿ ಬಿಡಿ ಎಂದದ್ದು ಯಾಕೆ ಎಂದು ಅವಳಿಗೆ ಈಗ ತಿಳಿಯಿತು. ಆ ಗುಂಡಿಗಳನ್ನು ತೋಡಿದ್ದು ತನ್ನದೇ ಮೂತಿ ಎಂಬುದೂ ನೆನಪಾಯಿತು.

ಭರಮಜ್ಜನ ಬಳಿ ಹೋಗಿ ಕಂಡದ್ದನ್ನು ಹೇಳಿದಳು. ಭರಮಜ್ಜ ನಾಜೂಕಯ್ಯನನ್ನು ಕರೆಸಿದ.

"ತುಪ್ಪಳ ಇರಬಹುದು ಅಜ್ಜ. ಹದ್ದು ಹುಲ್ಲಿನ ಮೇಲೆ ಕೂತು ತಿಂದು ಕೆಳಗೆ ಬೀಳಿಸಿರುತ್ತೆ. ನಾನು ಅಲ್ಲಿ ಮಲಗೋದು ನಿಜ. ಯಾಕೆ? ನಿಂಗಿಯ ಉಳಿದ ಮರಿಗಳನ್ನು ಕಾಯೋಕೆ!" ನಾಜೂಕಯ್ಯನ ಕಣ್ಣಲ್ಲಿ ನೀರು ಬಂದಿತು. "ಕೆಂಚವ್ವ ತಾಯಿಗೆ ನನ್ನ ಹುಲ್ಲು ಮೊದಲಿಂದ ಆಗಲ್ಲ. ತನ್ನ ಗಿಡ ಏಳಲಿಲ್ಲ ಅನ್ನೋ ಹೊಟ್ಟೆಕಿಚ್ಚು. ನಾನೇನು ಹೇಳಲಿ?"

"ಕಣ್ಣಾರೆ ಕಂಡವರು ಯಾರಾದರೂ ಇದ್ದಾರಾ?" ಎಂದ ಭರಮಜ್ಜ.

ಯಾರೂ ಇರಲಿಲ್ಲ.

"ಕೆಂಚವ್ವ, ನಿನಗೆ ದಣಿವಾಗಿದೆ. ಹೋಗಿ ಮಲಗು," ಎಂದ ಭರಮಜ್ಜ. ಹಾಗೆಂದು ತಾನೂ ಕಣ್ಣು ಮುಚ್ಚಿದ.

ಕೆಂಚವ್ವ ತಿರುಗಿ ಬಂದಳು. ದಣಿವಾದದ್ದೇನೋ ನಿಜ. ಆದರೆ ದಣಿದವರ ಕಣ್ಣಿಗೆ ಕಂಡದ್ದೂ ನಿಜವಾಗಿರುತ್ತದೆ ಎಂಬುದು ಯಾರಿಗೂ ತೋಚುವುದಿಲ್ಲವಲ್ಲ ಎಂದು ಅವಳಿಗೆ ಅನಿಸಿತು. ಮರಿಗಳನ್ನು ಸಾಲಾಗಿ ನಿಲ್ಲಿಸಿ ಹೇಳಿದಳು: "ಆ ಹುಲ್ಲಿನ ಹತ್ತಿರ ಯಾರೂ ಹೋಗಬೇಡಿ. ಎಷ್ಟೇ ಬಿಸಿಲಾದರೂ ಹೋಗಬೇಡಿ."

ಬೇಸಿಗೆ ಬಂದಿತು. ಹೂವೆಲ್ಲ ಉದುರಿ ಹುಲ್ಲು ಒಣಗಿತು. ನಾಜೂಕಯ್ಯ ಹೇಳಿದ ಚಿನ್ನದ ಬಣ್ಣ ನಾಲ್ಕು ದಿನ ಇತ್ತು, ಆಮೇಲೆ ಮಾಸಲು ಹಳದಿ. ಗರಿಗಳು ಗಾಳಿಗೆ ಪರಪರ ಎನ್ನುತ್ತಿದ್ದವು. ಬುಡದಲ್ಲಿ ಮಲಗಿದವರ ಮೈ ಗೀರುತ್ತಿದ್ದವು, ನೆರಳು ಮಾತ್ರ ಬೀಳುತ್ತಿರಲಿಲ್ಲ. ಪ್ರಾಣಿಗಳು ನೀರು ಕುಡಿದು ದೂರದ ಬಂಡೆಗಳ ಸಂದಿಗೆ ಹೋಗತೊಡಗಿದವು. ಮಧ್ಯಾಹ್ನ ದಂಡೆಯ ಮೇಲೆ ಯಾರೂ ಇರುತ್ತಿರಲಿಲ್ಲ. ಯಾರೂ ಇಲ್ಲದ ದಂಡೆ ನಾಜೂಕಯ್ಯನಿಗೆ ಇನ್ನೂ ಅನುಕೂಲವಾಯಿತು.

ಆದರೆ ಆ ಹುಲ್ಲನ್ನು ನೋಡಿ ಮೆಚ್ಚಿದವನು ಅವನೊಬ್ಬನೇ ಅಲ್ಲ. ಪಕ್ಕದ ಗುಡ್ಡದಲ್ಲಿ ಒಂದು ಚಿರತೆಯಿತ್ತು. ಹಿಂದೆ ಬಸರಿ ಮರದ ಕೆಳಗೆ ಅಷ್ಟೊಂದು ಜನ ಸೇರಿರುತ್ತಿದ್ದರು, ಮರದ ಮೇಲಿನ ಮುಸುವ ಕೋತಿಗಳು ದೂರದಿಂದಲೇ ಅದನ್ನು ಕಂಡು ಕೂಗುತ್ತಿದ್ದವು. ಹಾಗಾಗಿ ಅದು ಹಗಲಲ್ಲಿ ಕೆರೆಯ ಹತ್ತಿರ ಸುಳಿಯುತ್ತಿರಲಿಲ್ಲ. ಈಗ ಕೂಗಲು ಮುಸುವಗಳಿಲ್ಲ, ಅವು ಕೂರಲು ಮರವಿಲ್ಲ. ನೀರಿನ ಪಕ್ಕದಲ್ಲೇ ಆಳೆತ್ತರದ ಒಣಹುಲ್ಲು. ಬಣ್ಣವೂ ಚಿರತೆಯ ಮೈಗೆ ಹೊಂದುವ ಬಣ್ಣವೇ. ಒಂದು ದಿನ ಬೆಳಗಿನ ಜಾವ ಅದು ಸದ್ದಿಲ್ಲದೆ ಬಂದು ಹುಲ್ಲಿನ ಆಚೆ ತುದಿಯಲ್ಲಿ ಹೊಟ್ಟೆ ಊರಿ ಮಲಗಿತು. ಈಚೆ ತುದಿಯಲ್ಲಿದ್ದ ನಾಜೂಕಯ್ಯನಿಗೆ ಅದು ಕಾಣಲಿಲ್ಲ. ಹುಲ್ಲು ಅಷ್ಟು ಒತ್ತಾಗಿತ್ತು.

ಅದೇ ದಿನ ಮಧ್ಯಾಹ್ನ ಬಿಸಿಲು ಬೆಂಕಿಯಂತಿತ್ತು. ಕೆಂಚವ್ವ ಬೆಳಗಿನಿಂದ ಎಂಟು ಸಲ ಗಿಡಕ್ಕೆ ನೀರು ಕೊಡವಿ ಬಂದಿದ್ದಳು. ಒಂಬತ್ತನೆಯ ಸಲಕ್ಕೆಂದು ಕೆರೆಗೆ ಇಳಿದವಳು ಹಾಗೇ ಕೆಸರಿನಲ್ಲಿ ಮೈ ಚಾಚಿದಳು. ಮರಿಗಳು ಪಕ್ಕದಲ್ಲಿ ಅಂಟಿಕೊಂಡು ಮಲಗಿದವು. ಒಂದೇ ನಿಮಿಷ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು.

ಎಚ್ಚರವಾದಾಗ ಮೈಮೇಲಿನ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ಮರಿಗಳನ್ನು ಮೂಸಿ ನೋಡಿದಳು. ಒಂದು, ಎರಡು, ಮೂರು... ಆರೇ ಇದ್ದವು. ಎಲ್ಲರಿಗಿಂತ ಸಣ್ಣ ಮರಿ ಇರಲಿಲ್ಲ.

"ಚಿನಕುರಳಿ ಎಲ್ಲಿ?" ಎಂದು ಕೇಳಿದಳು. ಆ ಮರಿಯನ್ನು ಅವಳು ಹಾಗೇ ಕರೆಯುತ್ತಿದ್ದಳು.

"ಬಿಸಿಲು ಅಂತ ಅಳ್ತಾ ಇತ್ತು ಅಮ್ಮ. ನಾಜೂಕಯ್ಯ ಮಾವ, ಬಾ ಒಳಗೆ ತಂಪಾಗಿದೆ ಅಂತ ಕರೆದ," ಎಂದಿತು ಒಂದು ಮರಿ.

ಕೆಂಚವ್ವನ ಕಾಲಲ್ಲಿ ಅಷ್ಟು ಓಟ ಇದೆ ಎಂದು ಅವಳಿಗೇ ಗೊತ್ತಿರಲಿಲ್ಲ. ಏರಿಯನ್ನು ಒಂದೇ ಉಸಿರಿಗೆ ಹತ್ತಿದಳು. ಕಿರುದಾರಿಯ ಬಾಯಲ್ಲಿ ಚಿನಕುರಳಿ ನಿಂತಿತ್ತು. ಒಳಗಿನಿಂದ ಮೆತ್ತಗಿನ ದನಿ ಕೇಳುತ್ತಿತ್ತು. "ಇನ್ನೊಂದು ಹೆಜ್ಜೆ, ಮರಿ. ಇನ್ನೊಂದೇ ಹೆಜ್ಜೆ."

ಮರಿ ಹೆಜ್ಜೆ ಇಟ್ಟಿತು. ನಾಜೂಕಯ್ಯ ಹಾರಿ ಅದರ ಮುಂಗಾಲು ಹಿಡಿದ. ಮರಿ ಕಿರುಚಿತು. ಆ ಕಿರುಚು ಮುಗಿಯುವ ಮೊದಲೇ ಕೆಂಚವ್ವ ಬಂಡೆ ಉರುಳಿದ ಹಾಗೆ ಹುಲ್ಲಿಗೆ ನುಗ್ಗಿದಳು. ಅವಳ ತಲೆ ನಾಜೂಕಯ್ಯನ ಪಕ್ಕೆಗೆ ಬಡಿಯಿತು. ಅವನು ಮರಿಯನ್ನು ಬಿಟ್ಟು ಎರಡು ಪಲ್ಟಿ ಹೊಡೆದ.

"ತಾಯಿ, ತಪ್ಪು ತಿಳೀಬೇಡಿ! ಮರಿಗೆ ಮುಳ್ಳು ಚುಚ್ಚಿತ್ತು, ತೆಗೀತಾ ಇದ್ದೆ!"

"ನಿನ್ನ ಬಾಯಲ್ಲಿ ನನ್ನ ಮಗುವಿನ ರಕ್ತ ಇದೆ," ಎಂದಳು ಕೆಂಚವ್ವ. ಅವಳ ದನಿ ಏರಲಿಲ್ಲ. ಏರಿಸುವಷ್ಟು ಉಸಿರೂ ಇರಲಿಲ್ಲ.

ನಾಜೂಕಯ್ಯ ಮತ್ತೆ ಮಾತು ಹುಡುಕಲಿಲ್ಲ. ತಿರುಗಿ ಹುಲ್ಲಿನ ಆಳಕ್ಕೆ ಓಡಿದ. ಅವನಿಗೆ ಅಲ್ಲಿನ ಒಂದೊಂದು ಬುಡವೂ ಗೊತ್ತು. ಹಂದಿ ಅಷ್ಟು ಒತ್ತಿನಲ್ಲಿ ಬೆನ್ನಟ್ಟಲಾರದು ಎಂಬುದೂ ಗೊತ್ತು. ಗರಿಗಳು ಅವನ ಹಿಂದೆ ಪರಪರ ಎಂದು ಮುಚ್ಚಿಕೊಂಡವು.

ಸದ್ದು ಆಚೆ ತುದಿಯವರೆಗೆ ಹೋಯಿತು. ಅಲ್ಲಿ ಒಮ್ಮೆಲೇ ನಿಂತಿತು.

"ಅಯ್ಯೋ, ನೀನು ಯಾವಾಗ..." ಎಂಬ ನಾಜೂಕಯ್ಯನ ದನಿ ಕೇಳಿತು. ಆಮೇಲೆ ಒಂದು ಕೂಗು. ಆಮೇಲೆ ಏನೂ ಇಲ್ಲ.

ಕೆಂಚವ್ವ ಮರಿಯನ್ನು ಹೊಟ್ಟೆಯ ಅಡಿಗೆ ಎಳೆದುಕೊಂಡು ಅಲ್ಲಾಡದೆ ನಿಂತಳು. ಹುಲ್ಲಿನ ಆಚೆಯಿಂದ ಚಿರತೆ ಹೊರಬಂದಿತು. ಅದರ ಬಾಯಲ್ಲಿ ನಾಜೂಕಯ್ಯ ಜೋತಾಡುತ್ತಿದ್ದ. ಚಿರತೆ ಅವಳ ಕಡೆ ಒಮ್ಮೆ ನೋಡಿತು. ಅವಳೂ ನೋಡಿದಳು. ಬಾಯಿಗೆ ಸಿಕ್ಕಿದ್ದು ಸಾಕೆಂದು ಅದು ಗುಡ್ಡದ ಕಡೆ ಹೊರಟುಹೋಯಿತು.

ಕೂಗು ಕೇಳಿ ಎಲ್ಲರೂ ಓಡಿ ಬಂದರು. ಚಿನಕುರಳಿಯ ಕಾಲಿನ ಹಲ್ಲಿನ ಗುರುತು ನೋಡಿದರು. ಕಿರುದಾರಿಯ ಒಳಗಿನ ತುಪ್ಪಳ, ಎಲುಬು ನೋಡಿದರು. ನಿಂಗಿ ಆ ತುಪ್ಪಳವನ್ನು ಮೂಸಿ ಅಲ್ಲೇ ಕುಸಿದು ಕೂತಳು. ಸೋಗೆಯಪ್ಪ ಬಾಲ ಕೆಳಗೆ ಬಿಟ್ಟು ದೂರ ನಿಂತ. ಭರಮಜ್ಜ ಬಗ್ಗಿ ಆ ಸವೆದ ನೆಲವನ್ನು ಮೂಸಿದ.

"ಕೆಂಚವ್ವ ಹೇಳಿದ್ದಳು. ನಾನು ಅವಳನ್ನು ಮಲಗು ಅಂದೆ," ಎಂದ.

"ಈ ಹುಲ್ಲನ್ನು ಇವತ್ತೇ ಕಿತ್ತು ಹಾಕಬೇಕು. ಚಿರತೆ ನಾಳೆ ಮತ್ತೆ ಬರುತ್ತೆ," ಎಂದು ಕಡವೆಯೊಂದು ಹೇಳಿತು.

"ಹೌದು, ಬುಡಸಮೇತ ಅಗೀಬೇಕು," ಎಂದರು ಉಳಿದವರು.

ಹಾಗೆಂದು ಎಲ್ಲರೂ ರೂಢಿಯಂತೆ ಕೆಂಚವ್ವನ ಕಡೆ ತಿರುಗಿದರು.

ಕೆಂಚವ್ವ ಅವರನ್ನು ನೋಡಿದಳು. ಅವಳ ಮೈಯೆಲ್ಲ ಹುಲ್ಲಿನ ಗೀರು.

"ನನ್ನಿಂದ ಆಗುವುದಿಲ್ಲ," ಎಂದಳು.

ಅವಳ ಬಾಯಿಂದ ಅಂಥ ಮಾತನ್ನು ಆ ಕಾಡು ಅದುವರೆಗೆ ಕೇಳಿರಲಿಲ್ಲ. ಅವಳು ಚಿನಕುರಳಿಯ ಗಾಯ ನೆಕ್ಕುತ್ತಾ ನೆಲದ ಮೇಲೆ ಕೂತಳು.

ಭರಮಜ್ಜ ನಿಧಾನವಾಗಿ ಮುಂದೆ ಬಂದ. ತಲೆ ತಗ್ಗಿಸಿದ. ಮುರಿದ ಕೊಂಬನ್ನು ಮೊದಲ ಬುಡದ ಕೆಳಗೆ ತೂರಿಸಿ ಎತ್ತಿದ. ಮಣ್ಣು ಗಟ್ಟಿಯಾಗಿತ್ತು. ಎರಡು ಸಲ ಜಾರಿತು, ಮೂರನೆಯ ಸಲಕ್ಕೆ ಬುಡ ಮೇಲೆದ್ದಿತು. ಅದನ್ನು ಕಂಡ ಕಡವೆಗಳು ಗೊರಸಿನಿಂದ ಕೆರೆದವು. ಮುಳ್ಳುಹಂದಿ ಬೇರು ಕಡಿಯಿತು. ನಿಂಗಿ ಕಣ್ಣು ಒರೆಸಿಕೊಂಡು ಮುಂಗಾಲಿನಿಂದ ಮಣ್ಣು ತೆಗೆದಳು. ಸೋಗೆಯಪ್ಪನೂ ಕೊಕ್ಕಿನಲ್ಲಿ ಒಣಗರಿಗಳನ್ನು ಎಳೆದು ಒಂದು ಕಡೆ ಹಾಕಿದ. ಮೂರು ಸಾಲು ಕೀಳಲು ಅಷ್ಟು ಜನಕ್ಕೆ ಐದು ದಿನ ಹಿಡಿಯಿತು. ಕೆಂಚವ್ವ ಒಬ್ಬಳೇ ಮೂರು ದಿನದಲ್ಲಿ ಅಷ್ಟು ಗುಂಡಿ ತೋಡಿದ್ದಳು ಎಂಬುದು ಆಗ ಅವರಿಗೆ ಅರ್ಥವಾಯಿತು.

ಚಿನಕುರಳಿಯ ಕಾಲು ವಾಸಿಯಾಯಿತು. ಆದರೆ ನಡೆಯುವಾಗ ಸ್ವಲ್ಪ ಎಳೆಯುತ್ತಿತ್ತು. ನಿಂಗಿಗೆ ಮುಂದಿನ ಮಳೆಗೆ ಬೇರೆ ಮರಿಗಳಾದವು. ಆದರೂ ಹೋದವನ್ನು ಅವಳು ಮರೆಯಲಿಲ್ಲ. ಇಂಥವು ಪೂರ್ತಿ ಸರಿಹೋಗುವುದಿಲ್ಲ.

ಉಳಿದದ್ದು ಮೂಲೆಯ ಹೊಂಗೆ. ಅದಕ್ಕೆ ನೀರು ಕೊಡುವ ಕೆಲಸ ಆ ಮೇಲೆ ಒಬ್ಬಳದಾಗಿ ಉಳಿಯಲಿಲ್ಲ. ಕಡವೆಗಳು ಕೆರೆಯಿಂದ ಹತ್ತಿ ಬಂದು ಅಲ್ಲೇ ಮೈ ಕೊಡವಿದವು. ಭರಮಜ್ಜ ಕೆಸರಿನಲ್ಲಿ ಹೊರಳಿ ಬಂದು ನಿಂತರೆ ಒಂದು ಕೊಡ ನೀರು ಬೀಳುತ್ತಿತ್ತು. ಎರಡನೆಯ ಬೇಸಿಗೆಗೆ ಅದರ ನೆರಳಿನಲ್ಲಿ ಒಂದು ಮರಿ ಮಲಗುವಷ್ಟು ಜಾಗವಾಯಿತು. ಮರಿಗಳು ಸರದಿ ಹಾಕಿಕೊಂಡು ಮಲಗಿದವು. ಮೂರನೆಯ ಬೇಸಿಗೆಗೆ ನಾಲ್ಕು ಮರಿ, ಒಂದು ಮೊಲ. ಐದನೆಯ ಬೇಸಿಗೆಯಲ್ಲಿ ಕೊಂಬೆಯ ಮೇಲೆ ಎರಡು ಮುಸುವ ಬಂದು ಕೂತವು. ಗುಡ್ಡದ ಕಡೆ ಏನಾದರೂ ಅಲ್ಲಾಡಿದರೆ ಕೂಗಿ ಹೇಳಿದವು.

ಆರನೆಯ ಬೇಸಿಗೆಯಲ್ಲಿ ಹೊಂಗೆ ಹೂ ಬಿಟ್ಟಿತು. ಸಣ್ಣ ಸಣ್ಣ ಹೂವು, ನೆಲಕ್ಕೆ ಬಿದ್ದರೆ ಅಕ್ಕಿ ಚೆಲ್ಲಿದ ಹಾಗೆ. ಕಸ ಬೀಳುತ್ತಿತ್ತು, ಗಿಳಿಗಳ ಹಿಕ್ಕೆಯೂ ಬೀಳುತ್ತಿತ್ತು. ಯಾರೂ ಅದರ ಮಾತೆತ್ತಲಿಲ್ಲ.

ಆ ಬೇಸಿಗೆಯ ಒಂದು ಮಧ್ಯಾಹ್ನ ಭರಮಜ್ಜ ನೀರು ಕುಡಿದು ನೆರಳಿಗೆ ಬಂದ. ನೆರಳಿನಲ್ಲಿ ಒಳ್ಳೆಯ ಜಾಗವೆಲ್ಲ ತುಂಬಿತ್ತು. ಬುಡದ ಹತ್ತಿರ ಕೆಂಚವ್ವ ಕಾಲು ಚಾಚಿ ಮಲಗಿದ್ದಳು. ಅವಳ ಮೂತಿಯ ಕೂದಲು ನರೆತಿತ್ತು. ಮೈಮೇಲೆ ಹೊಂಗೆ ಹೂವು ಬಿದ್ದಿತ್ತು. ಗೊರಕೆ ಜೋರಾಗಿತ್ತು.

"ಅಜ್ಜ ಬಂದಿದ್ದಾರೆ, ಕೆಂಚವ್ವನ್ನ ಎಬ್ಬಿಸಲಾ? ಸ್ವಲ್ಪ ಸರಿದರೆ ಜಾಗ ಆಗುತ್ತೆ," ಎಂದ ಸೋಗೆಯಪ್ಪ.

"ಬೇಡ," ಎಂದ ಭರಮಜ್ಜ. "ಅವಳು ಮಲಗಿರಲಿ."

ಮುಖವನ್ನು ಮಾತ್ರ ನೆರಳಿಗೆ ಚಾಚಿ, ಬೆನ್ನಿಗೆ ಬಿಸಿಲು ಬೀಳಿಸಿಕೊಂಡು, ಸಂಜೆಯವರೆಗೂ ಅವನು ನಿಂತೇ ಇದ್ದ.

ನೀತಿ: ಬೇಗ ಬೆಳೆದು ಕಣ್ಣು ತಣಿಸುವುದೆಲ್ಲ ಮೈ ತಣಿಸುವುದಿಲ್ಲ, ಇನ್ನೊಬ್ಬರನ್ನು ಕೆಡವಲು ಬೆಳೆಸಿದ ಮರೆಯಲ್ಲಿ ತನ್ನನ್ನು ಕೆಡವುವವನೂ ಅಡಗಿರುತ್ತಾನೆ.